ಜೂನ್‌ನಲ್ಲಿ ಶುಲ್ಕ, ಡಿಸೆಂಬರ್‌ನಲ್ಲಿ ಹಣ: ಹೊಗೆಸೊಪ್ಪಿನ ನಾಡಿನಲ್ಲಿ ಕಾಲೇಜು ಏಕೆ ದುಬಾರಿ?

ಕೆ.ಆರ್. ನಗರ ತಾಲೂಕಿನ ಡೋರ್ನಹಳ್ಳಿಯ ಸಂತ ಅಂತೋನಿ ಬಸಿಲಿಕಾ ಕರಾವಳಿಯ ಕಥೊಲಿಕರಿಗೆ ಅಪರಿಚಿತವಲ್ಲ. 2019ರಲ್ಲಿ ಬಸಿಲಿಕಾ ಪದವಿಗೇರಿದ ಈ ಪುಣ್ಯಕ್ಷೇತ್ರಕ್ಕೆ ಮಂಗಳೂರು, ಉಡುಪಿ ಕಡೆಯಿಂದಲೂ ಹರಕೆ ಹೊತ್ತವರು ಬಸ್ಸು ಮಾಡಿಕೊಂಡು ಹೋಗುತ್ತಾರೆ. ಇಲ್ಲಿನ ವಾರ್ಷಿಕ ಮಹೋತ್ಸವ ಜೂನ್ 13ಕ್ಕೆ. ಕಾಲೇಜು ಸೇರುವ, ಶುಲ್ಕ ಕಟ್ಟುವ ದಿನಗಳೂ ಅವೇ. ಹಾಗಾಗಿ ಆ ದಿನಗಳಲ್ಲಿ ಸಂತ ಅಂತೋನಿಯವರ ಮುಂದೆ ಮೊಣಕಾಲೂರುವ ತಂದೆ ತಾಯಂದಿರಲ್ಲಿ ಅನೇಕರ ಬೇಡಿಕೆ ಒಂದೇ ಆಗಿರುತ್ತದೆ. ಕಳೆದುಹೋದ ವಸ್ತುವನ್ನು ಹುಡುಕಿಕೊಡುವ ಸಂತರೆಂದು ಪ್ರಸಿದ್ಧರಾದ ಅವರ ಬಳಿ ಈಗ ಜನ ಕಾಲೇಜು ಸೀಟು ಹುಡುಕಿಕೊಡಿ ಎನ್ನುತ್ತಾರೆ. ಸೀಟು ಸಿಕ್ಕಿದವರು ದುಡ್ಡು ಹುಡುಕಿಕೊಡಿ ಎನ್ನುತ್ತಾರೆ.

ಪಿರಿಯಾಪಟ್ಟಣ ಕಡೆಯ ಒಬ್ಬ ರೈತರು ಅಲ್ಲಿ ಮಾತಿಗೆ ಸಿಕ್ಕಿದ್ದರು. ಅವರು ಕ್ರೈಸ್ತರಲ್ಲ, ಆದರೆ ವರ್ಷವೂ ಬರುವವರು. "ಮಗನಿಗೆ ಇಂಜಿನಿಯರಿಂಗ್ ಸೀಟು ಸಿಗೋ ಹಂಗದೆ ಸಾರ್. ಸರ್ಕಾರದ ಸೀಟೇ. ಆದ್ರೆ ದುಡ್ಡು ಈಗ್ಲೇ ಕಟ್ಬೇಕಂತೆ. ನನ್ ದುಡ್ಡು ಇನ್ನೂ ಹೊಲ್ದಲ್ಲೇ ಅದೆ" ಎಂದರು. ಕಾಲೇಜು ಏಕೆ ದುಬಾರಿಯಾಯಿತು ಎಂಬುದರ ಬಗ್ಗೆ ದೊಡ್ಡವರು ಬರೆದ ಎಷ್ಟೋ ಲೇಖನಗಳನ್ನು ಓದಿದ್ದೇವೆ. ಈ ಒಂದು ಮಾತಿನಲ್ಲಿರುವ ವಿಷಯ ಅವುಗಳಲ್ಲಿ ಹೆಚ್ಚಾಗಿ ಇರುವುದಿಲ್ಲ.

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ - ಮೈಸೂರು ಜಿಲ್ಲೆಯ ಈ ನಾಲ್ಕು ತಾಲೂಕುಗಳು ವರ್ಜೀನಿಯಾ ತಂಬಾಕಿಗೆ ಹೆಸರಾದವು. ಸಾಲಿಗ್ರಾಮ, ಸರಗೂರು ಈಚೆಗೆ ಪ್ರತ್ಯೇಕ ತಾಲೂಕುಗಳಾಗಿವೆ, ಆದರೆ ಬೇಸಾಯದ ಲೆಕ್ಕದಲ್ಲಿ ಎಲ್ಲ ಒಂದೇ. ಹೊಗೆಸೊಪ್ಪಿನ ಸಸಿಮಡಿ ಬೇಸಿಗೆಯಲ್ಲಿ, ನಾಟಿ ಏಪ್ರಿಲ್-ಮೇ ಮಳೆಗೆ. ಜುಲೈಯಿಂದ ಎಲೆ ಮುರಿದು ಬ್ಯಾರನ್ನಿನಲ್ಲಿ ಸೌದೆ ಉರಿಸಿ ಹದ ಮಾಡುತ್ತಾರೆ. ತಂಬಾಕು ಮಂಡಳಿಯ ಹರಾಜು ಮಾರುಕಟ್ಟೆಗಳು ಬಾಗಿಲು ತೆರೆಯುವುದು ಸೆಪ್ಟೆಂಬರ್-ಅಕ್ಟೋಬರ್ ಸುಮಾರಿಗೆ, ಮುಗಿಯುವುದು ಫೆಬ್ರುವರಿ-ಮಾರ್ಚ್‌ಗೆ. ಕೆ.ಆರ್. ನಗರದ ನಾಲೆ ಬಯಲಿನ ಭತ್ತವೂ ಕೈಗೆ ಬರುವುದು ಡಿಸೆಂಬರ್-ಜನವರಿಯಲ್ಲಿ. ಕೋಟೆ ಕಡೆಯ ಹತ್ತಿ ಸ್ವಲ್ಪ ಮೊದಲು. ಜೂನ್, ಜುಲೈ ತಿಂಗಳುಗಳಲ್ಲಿ ಈ ನಾಲ್ಕು ತಾಲೂಕುಗಳ ಯಾವ ಬೇಸಾಯಗಾರನ ಕೈಯಲ್ಲೂ ಹಣವಿರುವುದಿಲ್ಲ. ಇದ್ದ ಹಣವೆಲ್ಲ ಗೊಬ್ಬರಕ್ಕೆ, ಕೂಲಿಗೆ, ಸೌದೆಗೆ ಹೋಗಿರುತ್ತದೆ.

ಕಾಲೇಜುಗಳ ಲೆಕ್ಕ ತಿಂಗಳ ಸಂಬಳದವರದ್ದು. ಸೀಟು ಸಿಕ್ಕಿದ ಮೇಲೆ ಇಂತಿಷ್ಟು ದಿನಗಳೊಳಗೆ ಕಟ್ಟಬೇಕು, ಕಟ್ಟದಿದ್ದರೆ ಸೀಟು ಹೋಗುತ್ತದೆ. ಆಗ ರೈತ ಮಾಡುವುದೇನು? ಹೆಂಡತಿಯ ಒಡವೆ ಗಿರವಿ ಇಡುತ್ತಾನೆ, ಅದು ಮೊದಲೇ ಬೀಜ ಗೊಬ್ಬರಕ್ಕೆ ಗಿರವಿಯಲ್ಲಿದ್ದರೆ ಕೈಸಾಲ ಮಾಡುತ್ತಾನೆ. ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿ ಎಂದರೆ ಹಳ್ಳಿಯಲ್ಲಿ ಅದು ಹೆಚ್ಚೇನೂ ಅಲ್ಲ. ಒಂದು ಲಕ್ಷ ರೂಪಾಯಿಯನ್ನು ಜೂನ್‌ನಲ್ಲಿ ತಂದು ಡಿಸೆಂಬರ್‌ನಲ್ಲಿ ತೀರಿಸಿದರೆ ಬಡ್ಡಿಯೇ 18 ಸಾವಿರ. ಸರ್ಕಾರವೋ ಕಾಲೇಜೋ ನಿಗದಿ ಮಾಡಿದ ಶುಲ್ಕಕ್ಕಿಂತ ಶೇ.18ರಷ್ಟು ಹೆಚ್ಚು ಶುಲ್ಕವನ್ನು ಈ ರೈತ ಕಟ್ಟಿದಂತಾಯಿತು. ಇದು ಯಾವ ಶುಲ್ಕ ನಿಯಂತ್ರಣ ಸಮಿತಿಯ ಕಡತದಲ್ಲೂ ಬರುವುದಿಲ್ಲ. ಮೈಕ್ರೋ ಫೈನಾನ್ಸ್ ಸಂಘಗಳ ಕಂತಿನ ಕಾಟ ಹೆಚ್ಚಿ ಜನ ಊರು ಬಿಡುವ ಸ್ಥಿತಿ ಬಂದಾಗ 2025ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಆ ಸಾಲಗಳಲ್ಲಿ ಮಕ್ಕಳ ಓದಿಗೆಂದು ಎತ್ತಿದ ಸಾಲವೂ ಇದೆ.

ಈಗ ಶುಲ್ಕವನ್ನೇ ನೋಡೋಣ. ಖಾಸಗಿ ಇಂಜಿನಿಯರಿಂಗ್ ಕಾಲೇಜಿನಲ್ಲಿ ಸಿಇಟಿ ಮೂಲಕ ಸಿಗುವ ಸರ್ಕಾರಿ ಸೀಟಿಗೆ ಇಂದು ವರ್ಷಕ್ಕೆ ಎಂಬತ್ತರಿಂದ ತೊಂಬತ್ತು ಸಾವಿರ ರೂ. ಆಸುಪಾಸು. ಕಾಮೆಡ್-ಕೆ ಸೀಟಿಗೆ ಎರಡು ಲಕ್ಷದಿಂದ ಎರಡು ಲಕ್ಷ ಎಂಬತ್ತು ಸಾವಿರದವರೆಗೆ. 2025ರಲ್ಲಿ ಶೇ.7.5ರಷ್ಟು ಹೆಚ್ಚಳಕ್ಕೆ ಸರ್ಕಾರ ಒಪ್ಪಿದ ಮೇಲಿನ ಲೆಕ್ಕ ಇದು. ಮ್ಯಾನೇಜ್‌ಮೆಂಟ್ ಸೀಟಿನ ಮಾತು ಬೇರೆ, ಅದನ್ನು ಕೇಳುವವರೂ ಹೇಳುವವರೂ ದನಿ ತಗ್ಗಿಸುತ್ತಾರೆ. ಒಂದು ಬ್ಯಾರನ್ನಿನ ರೈತ ಹದಿನೈದು ಕ್ವಿಂಟಲ್ ಸೊಪ್ಪು ಮಾರಿದ ಎಂದು ಇಟ್ಟುಕೊಳ್ಳೋಣ. 2023-24ರ ಹಂಗಾಮು ಚೆನ್ನಾಗಿತ್ತು, ಸರಾಸರಿ ಬೆಲೆ ಕೆ.ಜಿ.ಗೆ 250 ರೂ. ದಾಟಿತ್ತು. ಆ ಬೆಲೆಯಲ್ಲೇ ಲೆಕ್ಕ ಹಾಕಿದರೂ ಕೈಗೆ ಬರುವುದು ಮೂರು ಮುಕ್ಕಾಲು ಲಕ್ಷ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಖರ್ಚಿಗೆ ಹೋದರೆ ಉಳಿಯುವುದು ಒಂದೂವರೆ ಲಕ್ಷ. ಸಿಇಟಿ ಸೀಟಿನ ಶುಲ್ಕ, ಮೈಸೂರಿನಲ್ಲಿ ಪಿ.ಜಿ. ಬಾಡಿಗೆ, ಊಟ ತಿಂಗಳಿಗೆ ಆರೇಳು ಸಾವಿರ, ಪುಸ್ತಕ, ಲ್ಯಾಪ್‌ಟಾಪ್ ಸೇರಿದರೆ ಒಂದೂವರೆ ಲಕ್ಷ ಮುಗಿಯಿತು. ಇದು ಒಳ್ಳೆಯ ವರ್ಷದ ಲೆಕ್ಕ, ಒಂದು ಮಗುವಿನ ಲೆಕ್ಕ. ಎರಡನೆಯದು ಮಗಳಾಗಿದ್ದರೆ ಅವಳಿಗೆ ತಾಲೂಕು ಕೇಂದ್ರದ ಬಿ.ಎ. ಅಥವಾ ಬಿ.ಕಾಂ. ಎಂದು ಮೊದಲೇ ತೀರ್ಮಾನವಾಗಿರುತ್ತದೆ. ಶುಂಠಿ ನಂಬಿದವರ ಪಾಡು ಇನ್ನೂ ಬೇರೆ. 2023ರಲ್ಲಿ ಶುಂಠಿಗೆ ಹಿಂದೆಂದೂ ಕಾಣದ ಬೆಲೆ ಬಂತು. ಆ ಧೈರ್ಯದಲ್ಲಿ ಮಕ್ಕಳನ್ನು ದುಬಾರಿ ಕಾಲೇಜಿಗೆ ಸೇರಿಸಿದವರು ಮುಂದಿನ ವರ್ಷಗಳಲ್ಲಿ ಬೆಲೆ ಬಿದ್ದಾಗ ನಡುನೀರಿನಲ್ಲಿ ನಿಂತರು. ಬೆಳೆ ಒಂದು ವರ್ಷದ್ದು, ಓದು ನಾಲ್ಕು ವರ್ಷದ್ದು.

ಈ ಶುಲ್ಕ ಇಷ್ಟಕ್ಕೆ ಏರಿದ್ದು ಹೇಗೆ? ಇದರ ಒಂದು ತುದಿ ನಮ್ಮ ಕರಾವಳಿಯಲ್ಲೇ ಇದೆ. 1953ರಲ್ಲಿ ಡಾ. ಟಿ.ಎಂ.ಎ. ಪೈ ಅವರು ಮಣಿಪಾಲದಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜು ತೆರೆದರು. ಸರ್ಕಾರದ ಖಜಾನೆಯನ್ನು ಕಾಯದೆ, ಓದುವವರ ಹಣದಿಂದಲೇ ವೃತ್ತಿ ಶಿಕ್ಷಣದ ಕಾಲೇಜು ನಡೆಸಬಹುದು ಎಂದು ಅದು ತೋರಿಸಿತು. ಅದರಿಂದ ಸಾವಿರಾರು ವೈದ್ಯರು ಬಂದರು ಎಂಬುದೂ ನಿಜ. ಆದರೆ 70-80ರ ದಶಕದಲ್ಲಿ ಅದೇ ದಾರಿಯಲ್ಲಿ ಹೊರಟವರೆಲ್ಲ ಪೈಗಳಾಗಿರಲಿಲ್ಲ. ಕ್ಯಾಪಿಟೇಶನ್ ಎಂಬ ಶಬ್ದ ಕನ್ನಡದ ಮನೆಮಾತಾಯಿತು. 1984ರಲ್ಲಿ ರಾಜ್ಯ ಅದನ್ನು ನಿಷೇಧಿಸುವ ಕಾಯ್ದೆ ತಂದಿತು. ಹಣ ಬೇರೆ ಹೆಸರಿನಲ್ಲಿ ಬರತೊಡಗಿತು.

ಮುಂದಿನದು ನ್ಯಾಯಾಲಯದ ಕಥೆ. 1989ರ ಸರ್ಕಾರಿ ಅಧಿಸೂಚನೆಯಂತೆ ಖಾಸಗಿ ವೈದ್ಯಕೀಯ ಕಾಲೇಜಿನಲ್ಲಿ ಸರ್ಕಾರಿ ಸೀಟಿಗೆ ವರ್ಷಕ್ಕೆ 2 ಸಾವಿರ ರೂ., ಕರ್ನಾಟಕದ ಇತರ ವಿದ್ಯಾರ್ಥಿಗಳಿಗೆ 25 ಸಾವಿರ, ಹೊರರಾಜ್ಯದವರಿಗೆ 60 ಸಾವಿರ ಎಂದು ನಿಗದಿಯಾಗಿತ್ತು. ತುಮಕೂರಿನ ಕಾಲೇಜೊಂದಕ್ಕೆ ಅರ್ಜಿ ಹಾಕಿದ್ದ ಮೀರತ್‌ನ ಮೋಹಿನಿ ಜೈನ್ ಇದನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿದರು. 1992ರಲ್ಲಿ ನ್ಯಾಯಾಲಯ ಕ್ಯಾಪಿಟೇಶನ್ ಕಾನೂನುಬಾಹಿರ, ಶಿಕ್ಷಣ ಹಕ್ಕು ಎಂದಿತು. ಮರುವರ್ಷವೇ ಉನ್ನಿಕೃಷ್ಣನ್ ತೀರ್ಪಿನಲ್ಲಿ ಆ ಹಕ್ಕು 14 ವರ್ಷದವರೆಗೆ ಮಾತ್ರ, ಆಮೇಲಿನದು ಸರ್ಕಾರದ ಆರ್ಥಿಕ ಶಕ್ತಿಯನ್ನು ಅವಲಂಬಿಸಿದ್ದು ಎಂದಾಯಿತು. ಆದರೂ ಅದು ಬಡವರಿಗೆ ಒಂದು ಉಪಕಾರ ಮಾಡಿತು - ಖಾಸಗಿ ವೃತ್ತಿ ಕಾಲೇಜಿನ ಅರ್ಧ ಸೀಟು ಕಡಿಮೆ ಶುಲ್ಕದ್ದು, ಇನ್ನರ್ಧ ಪೇಮೆಂಟ್ ಸೀಟು. 1994ರಲ್ಲಿ ಸಿಇಟಿ ಬಂತು. ಹಳ್ಳಿಯ ಮೇಷ್ಟರ ಮಕ್ಕಳು, ರೈತರ ಮಕ್ಕಳು ಇಂಜಿನಿಯರು, ಡಾಕ್ಟರು ಆದ ಕಾಲ ಅದು. ಇಂದು ಬೆಂಗಳೂರಿನಲ್ಲಿ ನೆಲೆನಿಂತ ಪಿರಿಯಾಪಟ್ಟಣದ ಎಷ್ಟೋ ಮಂದಿಯನ್ನು ಕೇಳಿ, ಆ ಹತ್ತು ವರ್ಷಗಳಲ್ಲಿ ಓದಿದವರು ಸಿಗುತ್ತಾರೆ.

2002ರ ಅಕ್ಟೋಬರ್ 31ರಂದು ಟಿ.ಎಂ.ಎ. ಪೈ ಫೌಂಡೇಶನ್ ಪ್ರಕರಣದಲ್ಲಿ 11 ನ್ಯಾಯಾಧೀಶರ ಪೀಠ ಆ ವ್ಯವಸ್ಥೆಯನ್ನು ತೆಗೆದುಹಾಕಿತು. ಒಬ್ಬ ವಿದ್ಯಾರ್ಥಿಯ ಓದಿನ ಖರ್ಚನ್ನು ಇನ್ನೊಬ್ಬನ ಮೇಲೆ ಹೇರುವುದು ಸರಿಯಲ್ಲ, ಅನುದಾನವಿಲ್ಲದ ಕಾಲೇಜು ತನ್ನ ಶುಲ್ಕವನ್ನು ತಾನೇ ನಿರ್ಧರಿಸಬಹುದು, ಲಾಭಕೋರತನ ಕೂಡದು ಆದರೆ ಬೆಳವಣಿಗೆಗೆ ಬೇಕಾದಷ್ಟು ಮಿಗತೆ ಇಟ್ಟುಕೊಳ್ಳಬಹುದು ಎಂಬುದು ಅದರ ಸಾರ. 2005ರ ಇನಾಂದಾರ್ ತೀರ್ಪು ಇದನ್ನು ಗಟ್ಟಿ ಮಾಡಿತು. ಅಲ್ಪಸಂಖ್ಯಾತ ಸಂಸ್ಥೆಗಳಾಗಿ ನಾವು ಈ ತೀರ್ಪುಗಳನ್ನು ಸಂತೋಷದಿಂದ ಸ್ವಾಗತಿಸಿದ್ದೆವು. ನಮ್ಮ ಆಡಳಿತದ ಹಕ್ಕನ್ನು ಅವು ಕಾಪಾಡಿದವು, ಅದು ಸಣ್ಣ ವಿಷಯವಲ್ಲ. ಆದರೆ ಅದೇ ತೀರ್ಪಿನ ಇನ್ನೊಂದು ಮಗ್ಗುಲು ಹುಣಸೂರಿನ ರೈತನ ಮನೆಯಲ್ಲಿ ಏನು ಮಾಡಿತು ಎಂಬುದನ್ನು ನಾವು ಆಗ ಹೆಚ್ಚು ಯೋಚಿಸಲಿಲ್ಲ. ಈಗ ಪ್ರತಿವರ್ಷ ಸರ್ಕಾರ ಮತ್ತು ಕಾಲೇಜುಗಳ ಒಕ್ಕೂಟ ಕುಳಿತು ಮಾತಾಡಿ ಸೀಟು, ಶುಲ್ಕ ನಿಗದಿ ಮಾಡುತ್ತವೆ. ಆ ಮೇಜಿನಲ್ಲಿ ತಂದೆ ತಾಯಂದಿರಿಗೆ ಕುರ್ಚಿ ಇಲ್ಲ.

ವೃತ್ತಿ ಶಿಕ್ಷಣ ಬಿಡಿ, ಸಾಮಾನ್ಯ ಪದವಿ ಸಹ ಏಕೆ ದುಬಾರಿ? 1980ರ ದಶಕದ ಕೊನೆಯ ನಂತರ ಆರಂಭವಾದ ಸಂಸ್ಥೆಗಳಿಗೆ ಹೊಸದಾಗಿ ಅನುದಾನ ಕೊಡುವುದನ್ನು ರಾಜ್ಯ ಸರ್ಕಾರ ಬಹುಮಟ್ಟಿಗೆ ನಿಲ್ಲಿಸಿತು. ಹಳೆಯ ಅನುದಾನಿತ ಕಾಲೇಜುಗಳಲ್ಲೂ ಬಿ.ಎ., ಬಿ.ಎಸ್ಸಿ.ಗೆ ಅನುದಾನ ಇದ್ದರೆ ಆಮೇಲೆ ಬಂದ ಬಿ.ಸಿ.ಎ., ಬಿ.ಬಿ.ಎ.ಗಳಿಗೆ ಇಲ್ಲ. ಒಂದೇ ಕಟ್ಟಡ, ಒಂದೇ ಪ್ರಾಂಶುಪಾಲರು, ಎರಡು ಬಗೆಯ ಶುಲ್ಕ. ಅನುದಾನಿತ ಉಪನ್ಯಾಸಕರು ನಿವೃತ್ತರಾದರೆ ಆ ಹುದ್ದೆ ತುಂಬಲು ಅನುಮತಿ ವರ್ಷಗಟ್ಟಲೆ ಬರುವುದಿಲ್ಲ. ಆ ಪಾಠವನ್ನು ಆಡಳಿತ ಮಂಡಳಿ ತಾತ್ಕಾಲಿಕ ಉಪನ್ಯಾಸಕರಿಂದ ಮಾಡಿಸಿ, ಅವರ ಸಂಬಳವನ್ನು ಮಕ್ಕಳ ಶುಲ್ಕದಿಂದ ಕೊಡುತ್ತದೆ. ಮೈಸೂರಿನ ಸಂತ ಫಿಲೋಮಿನಾ ಕಾಲೇಜು 1946ರಿಂದ, ತೆರೇಷಿಯನ್ ಕಾಲೇಜು 1963ರಿಂದ ಈ ಸುತ್ತಿನ ತಾಲೂಕುಗಳ ಮಕ್ಕಳಿಗೆ ಆಸರೆಯಾಗಿವೆ. ಕರಾವಳಿಯಲ್ಲೂ ನಮಗೆ ಅಂತಹ ಹಿರಿಯ ಕಾಲೇಜುಗಳಿವೆ. ಈ ಹಳೆಯ ಕಾಲೇಜುಗಳೆಲ್ಲ ಬೆಳೆದ ಕಾಲದಲ್ಲಿ ಸಂಬಳದ ಹೊರೆ ಸರ್ಕಾರದ್ದಾಗಿತ್ತು, ಜೊತೆಗೆ ಸಂಬಳ ಪಡೆಯದ ಧರ್ಮಗುರುಗಳೂ ಧರ್ಮಭಗಿನಿಯರೂ ಪಾಠ ಮಾಡುತ್ತಿದ್ದರು. ಇಂದು ಎರಡೂ ಕಡಿಮೆಯಾಗಿವೆ.

ಅರ್ಥಶಾಸ್ತ್ರಜ್ಞರು ಇದಕ್ಕೆ ಇನ್ನೊಂದು ವಿವರಣೆ ಕೊಡುತ್ತಾರೆ. ಅಮೆರಿಕದ ವಿಲಿಯಂ ಬೌಮೋಲ್ 1960ರ ದಶಕದಲ್ಲಿ ಹೇಳಿದ್ದು: ಯಂತ್ರ ಬಂದ ಕಡೆ ಕೆಲಸ ಅಗ್ಗವಾಗುತ್ತದೆ, ಮನುಷ್ಯನೇ ಮಾಡಬೇಕಾದ ಕೆಲಸ ಕ್ರಮೇಣ ದುಬಾರಿಯಾಗುತ್ತದೆ. ಭತ್ತ ಕೊಯ್ಯಲು ಯಂತ್ರ ಬಂತು, ಹತ್ತು ಆಳಿನ ಕೆಲಸ ಒಂದು ಗಂಟೆಯಲ್ಲಿ ಮುಗಿಯುತ್ತದೆ. ಆದರೆ ಒಬ್ಬ ಮೇಷ್ಟರು ಅರವತ್ತು ಮಕ್ಕಳ ಬದಲು ಆರುನೂರು ಮಕ್ಕಳಿಗೆ ಪಾಠ ಹೇಳಿದರೆ ಅದು ಪಾಠವಾಗುವುದಿಲ್ಲ. ವಿದ್ಯಾರ್ಥಿ ಸಾಲ ಒಂದೂವರೆ ಲಕ್ಷ ಕೋಟಿ ಡಾಲರ್ ದಾಟಿರುವ ಅಮೆರಿಕಕ್ಕೆ ಈ ಮಾತು ಸ್ವಲ್ಪ ಹೊಂದಬಹುದು. ನಮ್ಮಲ್ಲಿ ಹೊಂದುವುದಿಲ್ಲ ಎಂದು ನನ್ನ ಅನಿಸಿಕೆ. ನಮ್ಮ ಅನುದಾನರಹಿತ ಕಾಲೇಜಿನ ಎಷ್ಟೋ ಉಪನ್ಯಾಸಕರ ಸಂಬಳ ಗಾರೆ ಕೆಲಸದವರ ದಿನಗೂಲಿಗೆ ಸಮ. ಶುಲ್ಕ ಏರಿತು, ಕಲಿಸುವವರ ಸಂಬಳ ಏರಲಿಲ್ಲ. ಹಣ ಕಟ್ಟಡಕ್ಕೆ ಹೋಯಿತು, ಹಳ್ಳಿ ಹಳ್ಳಿಗೆ ಓಡಾಡುವ ಬಸ್ಸಿಗೆ ಹೋಯಿತು, ಕಟ್ಟಡಕ್ಕೆ ತಂದ ಸಾಲದ ಬಡ್ಡಿಗೆ ಹೋಯಿತು, ಮಾನ್ಯತೆ, ತಪಾಸಣೆ, ಜಾಹೀರಾತಿಗೆ ಹೋಯಿತು. ಮೇ ತಿಂಗಳಲ್ಲಿ ಮೈಸೂರಿನಿಂದ ಹುಣಸೂರಿನವರೆಗಿನ ನಲವತ್ತೈದು ಕಿಲೋಮೀಟರ್ ರಸ್ತೆಯಲ್ಲಿ ಕಾಣುವ ಕಾಲೇಜುಗಳ ಫಲಕಗಳಿಗೂ ಯಾರೋ ಒಬ್ಬ ರೈತನೇ ಹಣ ಕೊಟ್ಟಿದ್ದಾನೆ.

ಹಾಗಾದರೆ ಸರ್ಕಾರಿ ಕಾಲೇಜು ಇಲ್ಲವೇ? ಇದೆ. ನಾಲ್ಕೂ ತಾಲೂಕು ಕೇಂದ್ರಗಳಲ್ಲಿ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಿವೆ. ಹುಣಸೂರಿನದಕ್ಕೆ ಆ ತಾಲೂಕಿನವರೇ ಆದ ದೇವರಾಜ ಅರಸು ಅವರ ಹೆಸರಿದೆ. ಶುಲ್ಕ ಕೆಲವು ಸಾವಿರ ಮಾತ್ರ, ಹೆಣ್ಣುಮಕ್ಕಳಿಗೆ ಬೋಧನಾ ಶುಲ್ಕದ ವಿನಾಯಿತಿಯೂ ಇದೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹುಡುಗಿಯರ ಬಸ್ ಖರ್ಚೂ ಹೋಯಿತು. ಈ ತಾಲೂಕುಗಳ ಹೆಣ್ಣುಮಕ್ಕಳ ಓದಿಗೆ ಇತ್ತೀಚೆಗೆ ಆದ ದೊಡ್ಡ ಸಹಾಯ ಇದೇ ಎಂದರೆ ತಪ್ಪಿಲ್ಲ, ಅದು ಶಿಕ್ಷಣ ಇಲಾಖೆಯ ಯೋಜನೆಯೇ ಅಲ್ಲ ಎಂಬುದು ಬೇರೆ ಮಾತು. ಆದರೆ ರಾಜ್ಯದ ಸುಮಾರು 430 ಸರ್ಕಾರಿ ಪದವಿ ಕಾಲೇಜುಗಳು ನಿಂತಿರುವುದು ಹತ್ತು ಸಾವಿರಕ್ಕೂ ಹೆಚ್ಚು ಅತಿಥಿ ಉಪನ್ಯಾಸಕರ ಮೇಲೆ. 2023ರ ನವೆಂಬರ್‌ನಲ್ಲಿ ಅವರು ಕಾಯಂಗೊಳಿಸಲು ಒತ್ತಾಯಿಸಿ ತರಗತಿ ಬಿಟ್ಟು ಹೊರಬಂದಾಗ ಪಾಠಗಳೇ ನಿಂತವು. ವರ್ಷದ ಆರಂಭದಲ್ಲಿ ಅವರ ನೇಮಕ ತಡವಾದರೆ ಮಕ್ಕಳು ಬಂದು ಖಾಲಿ ಕೋಣೆಯಲ್ಲಿ ಕುಳಿತು ಹೋಗುತ್ತಾರೆ. ಇದರ ಮೇಲೆ ನಾಲ್ಕು ವರ್ಷದ ಪದವಿ 2021ರಲ್ಲಿ ಬಂತು, 2024ರಲ್ಲಿ ಹೋಯಿತು. ಇದನ್ನೆಲ್ಲ ನೋಡಿದ ತಂದೆ, ಸಾಲ ಮಾಡಿಯಾದರೂ ಖಾಸಗಿಗೆ ಸೇರಿಸುತ್ತೇನೆ ಎನ್ನುತ್ತಾನೆ. ಅಗ್ಗದ ಕಾಲೇಜಿನ ಮೇಲೆ ನಂಬಿಕೆ ಹೋದದ್ದೇ ದುಬಾರಿ ಕಾಲೇಜಿಗೆ ಬಂಡವಾಳವಾಯಿತು.

ಖರ್ಚು ಶುರುವಾಗುವುದೂ ಈಗ ಪದವಿಯಲ್ಲಲ್ಲ, ಪಿಯುಸಿಯಲ್ಲಿ. ಇಲ್ಲಿ ಕರಾವಳಿಯ ಪಾತ್ರ ದೊಡ್ಡದು. ಪಿಯುಸಿ ಫಲಿತಾಂಶದಲ್ಲಿ ನಮ್ಮ ಎರಡು ಜಿಲ್ಲೆಗಳು ಯಾವಾಗಲೂ ಮುಂದು. 2025ರಲ್ಲಿ ಉಡುಪಿ ಶೇ.93.90, ದಕ್ಷಿಣ ಕನ್ನಡ ಶೇ.93.57. ನಾವು ಹೆಮ್ಮೆಪಡುತ್ತೇವೆ. ಘಟ್ಟದ ಮೇಲಿನ ತಂದೆ ತಾಯಂದಿರು ಇದನ್ನು ಓದಿ ಮಗುವನ್ನು ಹಾಸ್ಟೆಲ್ ಸಹಿತ ಕಾಲೇಜಿಗೆ ಘಟ್ಟ ಇಳಿಸುತ್ತಾರೆ. 2016ರಿಂದ ವೈದ್ಯಕೀಯಕ್ಕೆ ನೀಟ್ ಕಡ್ಡಾಯವಾದ ಮೇಲೆ ಪಿಯುಸಿ ಜೊತೆಗೆ ಕೋಚಿಂಗ್ ಸೇರಿಸಿದ ವಿಜ್ಞಾನ ವಿಭಾಗಗಳು ಬೆಳೆದವು. ವಸತಿ ಸೇರಿ ಎರಡು ವರ್ಷಕ್ಕೆ ಆಗುವ ಖರ್ಚು ಲಕ್ಷಗಳಲ್ಲಿ. ಅಷ್ಟಾದ ಮೇಲೂ ನೀಟ್‌ನಲ್ಲಿ ಸೀಟು ಬರುವುದು ಕೆಲವರಿಗೆ ಮಾತ್ರ, ಉಳಿದವರು ಬಿ.ಎಸ್ಸಿ.ಗೋ ನರ್ಸಿಂಗ್‌ಗೋ ಸೇರುತ್ತಾರೆ. ಆಗ ಪದವಿಗೆ ಬೇಕಾದ ಹಣ ಪಿಯುಸಿಯಲ್ಲೇ ಮುಗಿದಿರುತ್ತದೆ.

ಸಹಾಯಧನಗಳು ಇಲ್ಲವೆಂದಲ್ಲ. 2021ರ ರೈತ ವಿದ್ಯಾನಿಧಿಯಲ್ಲಿ ರೈತರ ಮಕ್ಕಳಿಗೆ ನಿಗದಿಯಾದದ್ದು ಸಾಮಾನ್ಯ ಪದವಿಗೆ ಹುಡುಗರಿಗೆ 5,000, ಹುಡುಗಿಯರಿಗೆ 5,500. ಇಂಜಿನಿಯರಿಂಗ್, ವೈದ್ಯಕೀಯಕ್ಕೆ 10,000 ಮತ್ತು 11,000 ರೂ. ಮೇಲೆ ಹೇಳಿದ ಬಡ್ಡಿಯ ಲೆಕ್ಕ ನೆನಪಿಸಿಕೊಳ್ಳಿ. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ಮಕ್ಕಳಿಗೆ ವಿದ್ಯಾಸಿರಿಯಲ್ಲಿ ತಿಂಗಳಿಗೆ 1,500 ರೂ. ಎಂದು 2013ರಲ್ಲಿ ಶುರುವಾಯಿತು. 1,500ಕ್ಕೆ ಇಂದು ಮೈಸೂರಿನಲ್ಲಿ ಒಂದು ಮಂಚದ ಜಾಗವೂ ಸಿಗದು. ಅರಸು ಅವರು ಮುಖ್ಯಮಂತ್ರಿಯಾಗಿದ್ದ 1972ರಿಂದ 80ರ ಕಾಲದಲ್ಲಿ ಹಿಂದುಳಿದ ವರ್ಗದ ಮಕ್ಕಳಿಗೆ ಹಾಸ್ಟೆಲ್‌ಗಳು ಹರಡಿದವು. ಶುಲ್ಕ ಮನ್ನಾ ಮಾಡುವುದಕ್ಕಿಂತ ಹಾಸ್ಟೆಲ್ ಕೊಡುವುದು ಬಡ ಮಗುವನ್ನು ಕಾಲೇಜಿನಲ್ಲಿ ಹೆಚ್ಚು ಕಾಲ ನಿಲ್ಲಿಸುತ್ತದೆ ಎಂಬುದನ್ನು ಅವರು ಅರಿತಿದ್ದರು ಎಂದು ಕಾಣುತ್ತದೆ.

ನಾಗರಹೊಳೆಯ ಅಂಚಿನ ಹಾಡಿಗಳ ಜೇನುಕುರುಬ ಮಕ್ಕಳ ಸ್ಥಿತಿ ಪ್ರತ್ಯೇಕವಾಗಿ ಹೇಳಬೇಕಾದ್ದು. ಕಾಗದದ ಮೇಲೆ ಅವರಿಗೆ ಕಾಲೇಜು ಹೆಚ್ಚುಕಡಿಮೆ ಉಚಿತ. ಶುಲ್ಕ ಸರ್ಕಾರದಿಂದ ಮರುಪಾವತಿಯಾಗುತ್ತದೆ. ಆದರೆ ಮರುಪಾವತಿ ಎಂದರೆ ಮೊದಲು ಯಾರೋ ಪಾವತಿಸಿರಬೇಕು. ವಿದ್ಯಾರ್ಥಿವೇತನದ ಪೋರ್ಟಲ್‌ಗೆ ಅರ್ಜಿ ಹಾಕಲು ಜಾತಿ, ಆದಾಯ ಪ್ರಮಾಣಪತ್ರ, ಆಧಾರ್ ಜೋಡಿಸಿದ ಬ್ಯಾಂಕ್ ಖಾತೆ ಬೇಕು. ಮೂರು ಕಾಗದದಲ್ಲಿ ಹೆಸರಿನ ಒಂದು ಅಕ್ಷರ ವ್ಯತ್ಯಾಸವಾದರೂ ಹಣ ನಿಲ್ಲುತ್ತದೆ. ಅದನ್ನು ಸರಿಪಡಿಸಲು ಹಾಡಿಯಿಂದ ಕೋಟೆಗೋ ಹುಣಸೂರಿಗೋ ನಾಲ್ಕು ಸಲ ಓಡಾಡಿದರೆ ನಾಲ್ಕು ದಿನದ ಕೂಲಿ ಹೋಯಿತು. ಆ ಹುಡುಗ ಕೊಡಗಿನ ಕಾಫಿ ತೋಟಕ್ಕೆ ಕೆಲಸಕ್ಕೆ ಹೋದರೆ 'ಓದಿನಲ್ಲಿ ಆಸಕ್ತಿ ಇಲ್ಲ' ಎಂದು ಬರೆದುಕೊಳ್ಳುತ್ತಾರೆ.

ನಮ್ಮ ಸಮುದಾಯದವರಿಗೂ ದಾರಿ ಕಿರಿದಾಗಿದೆ. ಕೇಂದ್ರದ ಅಲ್ಪಸಂಖ್ಯಾತರ ವಿದ್ಯಾರ್ಥಿವೇತನವನ್ನು 2022ರಲ್ಲಿ ಒಂದರಿಂದ ಎಂಟನೇ ತರಗತಿಯವರಿಗೆ ನಿಲ್ಲಿಸಲಾಯಿತು. ಸಂಶೋಧನಾ ವಿದ್ಯಾರ್ಥಿಗಳ ಮೌಲಾನಾ ಆಜಾದ್ ಫೆಲೋಶಿಪ್ ಸಹ ಅದೇ ವರ್ಷ ನಿಂತಿತು. ರಾಜ್ಯದ 'ಅರಿವು' ಸಾಲ ಸಿಇಟಿ, ನೀಟ್ ಮೂಲಕ ಸೀಟು ಪಡೆದವರಿಗೆ ಶೇ.2ರ ಸೇವಾ ಶುಲ್ಕದಲ್ಲಿ ಸಿಗುತ್ತದೆ. ಇದು ಹಲವು ಚರ್ಚ್‌ಗಳಲ್ಲಿ ಗೊತ್ತೇ ಇಲ್ಲ. ಬ್ಯಾಂಕುಗಳ ಮಾದರಿ ಶಿಕ್ಷಣ ಸಾಲದಲ್ಲಿ 4 ಲಕ್ಷ ರೂ.ವರೆಗೆ ಆಸ್ತಿ ಅಡಮಾನ ಕೇಳಬಾರದು ಎಂದಿದೆ. ಮ್ಯಾನೇಜರ್ ಪಹಣಿ ಕೇಳಿದರೆ ಇಲ್ಲ ಎನ್ನುವ ಧೈರ್ಯ ರೈತನಿಗೆ ಒಂಟಿಯಾಗಿ ಬರುವುದಿಲ್ಲ. ಪಾಲನಾ ಮಂಡಳಿಯ ಕಾರ್ಯದರ್ಶಿಯೋ ವಿನ್ಸೆಂಟ್ ದೆ ಪಾವ್ಲ್ ಸಭೆಯ ಒಬ್ಬರೋ ಜೊತೆಗೆ ಹೋದರೆ ಮಾತು ಬೇರೆಯಾಗುತ್ತದೆ. ಅರ್ಜಿಯ ಕೆಲಸ ಆಗಬೇಕಾದ್ದು ಫಲಿತಾಂಶ ಬಂದ ಮೇಲಲ್ಲ, ಜನವರಿಯಲ್ಲಿ. ಆದಾಯ ಪ್ರಮಾಣಪತ್ರ ಐದು ವರ್ಷ ಬಾಳುತ್ತದೆ, ಎಸ್ಸೆಸ್ಸೆಲ್ಸಿಯಲ್ಲಿರುವಾಗಲೇ ಮಾಡಿಸಿ ಹೆಸರುಗಳನ್ನು ತಾಳೆ ನೋಡಿಟ್ಟರೆ ಪದವಿಯವರೆಗೆ ಚಿಂತೆ ಇಲ್ಲ.

ಭಾರತದ ಕಥೊಲಿಕ್ ಧರ್ಮಾಧ್ಯಕ್ಷರ ಮಂಡಳಿ 2007ರಲ್ಲಿ ಹೊರಡಿಸಿದ ಶಿಕ್ಷಣ ನೀತಿ ಬಡವರಿಗೆ, ಅಂಚಿನಲ್ಲಿರುವವರಿಗೆ ಆದ್ಯತೆ ಎನ್ನುತ್ತದೆ. ಅದರಂತೆ ನಮ್ಮ ಹಲವು ಸಂಸ್ಥೆಗಳು ಪ್ರತಿವರ್ಷ ಕೆಲವರಿಗೆ ಶುಲ್ಕ ರಿಯಾಯಿತಿ ಕೊಡುತ್ತಿವೆ, ಸದ್ದಿಲ್ಲದೆ ಕೊಡುವವರೂ ಇದ್ದಾರೆ. ಆದರೆ ರಿಯಾಯಿತಿ ಕೇಳಲು ಕಚೇರಿಯ ಬಾಗಿಲಲ್ಲಿ ನಿಲ್ಲಬೇಕಾದ ತಂದೆಗೆ ಅದು ದಾನದಂತೆ ಕಾಣುತ್ತದೆ, ಮಾನವಂತ ರೈತ ಅದಕ್ಕಿಂತ ಬಡ್ಡಿಯೇ ಮೇಲು ಎನ್ನುತ್ತಾನೆ. ಅವನು ಕೇಳುವುದು ರಿಯಾಯಿತಿಯನ್ನಲ್ಲ, ಸಮಯವನ್ನು. ಬೇಸಾಯದ ಮನೆಗಳ ಮಕ್ಕಳಿಗೆ ಸೇರುವಾಗ ಒಂದು ಸಣ್ಣ ಮೊತ್ತ, ಉಳಿದದ್ದು ಡಿಸೆಂಬರ್ ಮತ್ತು ಫೆಬ್ರುವರಿಯಲ್ಲಿ ಎಂದು ಮಾಡಲು ಯಾವ ಸರ್ಕಾರಿ ಆದೇಶವೂ ಬೇಕಿಲ್ಲ, ಯಾವ ತೀರ್ಪೂ ಅಡ್ಡಿ ಬರುವುದಿಲ್ಲ. ಕಾಲೇಜಿಗೆ ಆರು ತಿಂಗಳ ಕೈಬಿಗಿ ಆಗುತ್ತದೆ ನಿಜ, ಸಂಬಳದ ದಿನ ಕಷ್ಟವೂ ಆಗಬಹುದು. ಅದಕ್ಕೆ ಧರ್ಮಪ್ರಾಂತ್ಯ ಮಟ್ಟದಲ್ಲಿ ಒಂದು ನಿಧಿ ಇದ್ದರೆ ಸಾಕು, ಹಣ ಹೋಗಿ ಅದೇ ವರ್ಷ ವಾಪಸು ಬರುವಂಥದ್ದು.

ಡೋರ್ನಹಳ್ಳಿಯಲ್ಲಿ ಸಿಕ್ಕಿದ ರೈತರು ಹೊರಡುವಾಗ ಇದನ್ನೇ ಇನ್ನೊಂದು ರೀತಿಯಲ್ಲಿ ಹೇಳಿದ್ದರು. "ಗೊಬ್ಬರದ ಅಂಗಡಿಯೋನು ಸೊಪ್ಪು ಮಾರೋಗಂಟ ಕಾಯ್ತಾನೆ ಸಾರ್. ಅವನ ಬುಕ್ಕಲ್ಲಿ ನನ್ನ ಹೆಸರು ಬರ್ಕೊಂಡವ್ನೆ. ಕಾಲೇಜಿನೋರು ಒಂದು ಬುಕ್ಕು ಮಡಗಿದ್ರೆ ಆಗಕಿಲ್ವಾ?"